ಬೂದುಗುಂಬಳದ ಲಾರಿಗೆ ಯಾರ ಪಾಳಿ?

ಶಾಂತರಾಜು ಕಂಪ್ಯೂಟರ್ ಪ್ರೋಗ್ರಾಂ ಬರೆದಿದ್ದಾನೆ ಎಂಬ ಸುದ್ದಿ, ಅವನು ಬರೆಯಲು ಕೂರುವುದಕ್ಕೆ ಮೊದಲೇ ಗುಂಡ್ಲುಪೇಟೆಯ ಅರ್ಧ ಊರಿಗೆ ತಲುಪಿತ್ತು. ತಲುಪಿಸಿದವಳು ಅವನ ಹೆಂಡತಿ ನಾಗಮಣಿ. ಗಿರಣಿಯಲ್ಲಿ ರಾಗಿ ಬೀಸಿಸಲು ನಿಂತಿದ್ದಾಗ ಯಾರೋ ತಮ್ಮ ಅಳಿಯನಿಗೆ ಬ್ಯಾಂಕಿನಲ್ಲಿ ಕೆಲಸವಾಯಿತೆಂದು ಹೇಳಿದರು. ಮಾತಿಗೊಂದು ಮಾತು ಬೇಕಲ್ಲ, ತನ್ನ ಗಂಡ ಇಡೀ ತರಕಾರಿ ಮಂಡಿಯನ್ನೇ ಕಂಪ್ಯೂಟರಿನೊಳಗೆ ಹಾಕುತ್ತಿದ್ದಾರೆಂದು ಅವಳು ಹೇಳಿಬಿಟ್ಟಳು. ಸಂಜೆಗೆ ಟೀ ಅಂಗಡಿಯವನು ಶಾಂತರಾಜುವನ್ನು ಎಂಜಿನಿಯರ್ ಸಾಹೇಬರೆಂದು ಕರೆದು ಸ್ಪೆಷಲ್ ಟೀ ಕೊಟ್ಟ. ಇಷ್ಟಾದ ಮೇಲೆ ಪ್ರೋಗ್ರಾಂ ಬರೆಯದೆ ಬೇರೆ ದಾರಿಯೇ ಇರಲಿಲ್ಲ.

ಶಾಂತರಾಜು ಮಂಡಿಯ ಹಮಾಲರ ಸಂಘದಲ್ಲಿ ಗುಮಾಸ್ತ. ಇನ್ನೂ ಸರಿಯಾಗಿ ಹೇಳಬೇಕೆಂದರೆ ತಾತ್ಕಾಲಿಕ ಗುಮಾಸ್ತ. ಈ ತಾತ್ಕಾಲಿಕ ಎನ್ನುವುದು ಅವನ ಮದುವೆಗೆ ಮುಂಚೆ ಶುರುವಾಗಿ, ಮಗಳು ಶಾಲೆಗೆ ಸೇರಿದ ಮೇಲೂ ಮುಗಿದಿರಲಿಲ್ಲ. ಕಾಯಂ ಮಾಡಿ ಎಂದು ಕೇಳಿದಾಗಲೆಲ್ಲ ಸಂಘದ ಅಧ್ಯಕ್ಷ ಚಿಕ್ಕಮಲ್ಲಪ್ಪನವರು ಮುಂದಿನ ಮೀಟಿಂಗಿನಲ್ಲಿ ನೋಡೋಣ ಎನ್ನುತ್ತಿದ್ದರು. ಹೀಗೆ ಮುಂದಿನ ಮೀಟಿಂಗುಗಳೆಲ್ಲ ಹಿಂದಿನ ಮೀಟಿಂಗುಗಳಾಗಿ ಹೋಗಿದ್ದವು. ಅಷ್ಟರಲ್ಲಿ ಅಧ್ಯಕ್ಷರ ತಂಗಿಯ ಮಗ ಚಂದ್ರಕುಮಾರ್ ಡಿಗ್ರಿ ಮುಗಿಸಿ, ದಿನಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಂಘದ ಕಚೇರಿಗೆ ಪೇಪರ್ ಓದಲು ಬರತೊಡಗಿದ. ಪೇಪರ್ ಓದಲು ಅವನು ಕೂರುತ್ತಿದ್ದದ್ದು ಶಾಂತರಾಜುವಿನ ಕುರ್ಚಿಯಲ್ಲಿ.

ಮಂಡಿಯಲ್ಲಿ ಒಂದು ಹಳೆಯ ರಗಳೆಯಿತ್ತು. ಮಧ್ಯಾಹ್ನ ಹರಾಜು ಮುಗಿಯುತ್ತಿದ್ದಂತೆ ಕೇರಳಕ್ಕೆ ಹೋಗುವ ಲಾರಿಗಳು ಸಾಲಾಗಿ ನಿಲ್ಲುತ್ತವೆ. ಲೋಡು ಮಾಡಲು ಎಂಟು ಗುಂಪು ಹಮಾಲರಿದ್ದಾರೆ, ಒಂದೊಂದು ಗುಂಪಿಗೂ ಒಬ್ಬ ಮೇಸ್ತ್ರಿ. ಬೀನ್ಸಿನ ಲಾರಿ ಬಂದರೆ ಎಂಟೂ ಮೇಸ್ತ್ರಿಗಳು ಪಾಳಿ ನಮ್ಮದೇ ಎನ್ನುತ್ತಾರೆ. ಬೂದುಗುಂಬಳದ ಲಾರಿ ಬಂದರೆ ಎಂಟು ಜನಕ್ಕೂ ಒಟ್ಟಿಗೆ ಸೊಂಟನೋವು ಬರುತ್ತದೆ. ಬೂದುಗುಂಬಳ ಮೂಟೆಗೆ ಹಿಡಿಸುವುದಿಲ್ಲ, ಕೈಗೆ ಹಿಡಿ ಕೊಡುವುದಿಲ್ಲ. ಒಂದೊಂದನ್ನೂ ಮಗುವಿನ ಹಾಗೆ ಎತ್ತಿ ಕೊಡಬೇಕು, ಮೈಯೆಲ್ಲ ಬಿಳಿ ಬೂದಿ, ಒಂದು ಒಡೆದರೆ ವ್ಯಾಪಾರಿಯ ಬಾಯಿಗೆ ಬೀಳಬೇಕು. ಆ ಲಾರಿಯ ಮುಂದೆ ನಡೆಯುವ ಜಗಳದಲ್ಲಿ ಮುಖ್ಯ ಪಾತ್ರ ಮೂಗಯ್ಯ ಮೇಸ್ತ್ರಿಯದು. ಬೂದುಗುಂಬಳ ಕಂಡ ದಿನವೆಲ್ಲ ಅವನಿಗೆ ದೂರದ ನೆಂಟರೊಬ್ಬರು ತೀರಿಹೋಗಿರುತ್ತಿದ್ದರು.

ಈ ರಗಳೆಗೆ ಮದ್ದು ಶಾಂತರಾಜುವಿಗೆ ಸಿಕ್ಕಿದ್ದು ಚಾಮರಾಜನಗರದಲ್ಲಿ. ಭಾನುವಾರದ ಕಂಪ್ಯೂಟರ್ ತರಗತಿಗೆ ಅವನು ಅಲ್ಲಿಗೆ ಹೋಗುತ್ತಿದ್ದ. ಒಂದು ದಿನ ಮೇಡಂ ಬೋರ್ಡಿನ ಮೇಲೆ ಡಬ್ಬಗಳನ್ನು ಸಾಲಾಗಿ ಬರೆದು, ಇದಕ್ಕೆ ಕ್ಯೂ ಎನ್ನುತ್ತಾರೆ, ಮೊದಲು ಬಂದವನೇ ಮೊದಲು ಹೋಗಬೇಕು, ನಡುವೆ ಯಾರೂ ನುಗ್ಗುವ ಹಾಗಿಲ್ಲ ಎಂದರು. ಶಾಂತರಾಜುವಿಗೆ ಮೈ ಜುಮ್ಮೆಂದಿತು. ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಜನ ಕಿಟಕಿಯಿಂದ ಟವಲು ಎಸೆದು ಸೀಟು ಹಿಡಿಯುತ್ತಿದ್ದರು. ಅವನು ಬಾಗಿಲಲ್ಲಿ ನಿಂತು ಎಲ್ಲರಿಗೂ ಕ್ಯೂವಿನ ತತ್ವವನ್ನು ವಿವರಿಸಿದ. ಪರಿಣಾಮವಾಗಿ ತೆರಕಣಾಂಬಿಯವರೆಗೂ ನಿಂತುಕೊಂಡೇ ಬಂದ. ಆದರೂ ಆ ಆನಂದ ಕಡಿಮೆಯಾಗಲಿಲ್ಲ.

ಪ್ರೋಗ್ರಾಂ ಕೇಳಲು ಸರಳವಾಗಿತ್ತು. ಒಂದು ಫೈಲು. ಅದರಲ್ಲಿ ಸಾಲಿಗೊಂದು ಗುಂಪಿನ ಹೆಸರು, ಯಾರು ಮೊದಲು ಮಂಡಿಗೆ ಬಂದರೋ ಅವರದು ಮೇಲೆ. ಪ್ರೋಗ್ರಾಂ ಆ ಫೈಲನ್ನು ಮೇಲಿನಿಂದ ಓದಿ, ಮೊದಲ ಸಾಲಿನವರಿಗೆ ಮೊದಲ ಲಾರಿ, ಎರಡನೆಯವರಿಗೆ ಎರಡನೆಯದು, ಹೀಗೆ ಹಂಚುತ್ತದೆ. ಹೆಸರು ಬಂದವರು ಲ್ಯಾಪ್‌ಟಾಪಿನ ಬಳಿ ಬಂದು ಎಂಟರ್ ಒತ್ತಿ ಒಪ್ಪಿಕೊಳ್ಳಬೇಕು. ಅವರು ಒತ್ತುವವರೆಗೆ ಹಿಂದಿನವರಿಗೆ ಲಾರಿ ಇಲ್ಲ. ಸೊಂಟನೋವಿನವರು ತಪ್ಪಿಸಿಕೊಳ್ಳದಿರಲೆಂದು ಮಾಡಿದ ಏರ್ಪಾಡಿದು. ಒಬ್ಬರ ಪಾಳಿಗೆ ಇನ್ನೊಬ್ಬರು ಒತ್ತಬಾರದೆಂದು ಎಂಟೂ ಮೇಸ್ತ್ರಿಗಳಿಂದ ಮಲೆ ಮಾದಪ್ಪನ ಪಟದ ಮುಂದೆ ಕರ್ಪೂರ ಮುಟ್ಟಿಸಿ ಆಣೆ ಹಾಕಿಸಿದ್ದಾಗಿತ್ತು. ಶಾಂತರಾಜು ತಾನೂ ಕರ್ಪೂರ ಮುಟ್ಟಿದ್ದ.

ಇಷ್ಟಕ್ಕೇ ಅವನು ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹುಮ್ಮಸ್ಸು ಬಂದ ಮನುಷ್ಯ ನಿಲ್ಲುವುದಿಲ್ಲ. ಅವನು ಪ್ರೋಗ್ರಾಮಿಗೆ ಒಂದು ಹೆಣ್ಣುದನಿ ಕೂರಿಸಿ, ಅದನ್ನು ಮಂಡಿಯ ಮೈಕಿಗೆ ಜೋಡಿಸಿದ. ಹೆಸರು ಬಂದವರನ್ನು ಆ ದನಿ ಮೂರು ಸಲ ಕರೆಯುತ್ತದೆ. ಮೊದಲ ಕರೆ ಮರ್ಯಾದೆಯದು, ಎರಡನೆಯದು ಸ್ವಲ್ಪ ಬಿಗಿ. ಮೂರನೆಯದನ್ನು ಅವನು ಮೂಗಯ್ಯನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದ. ನಾಗಮಣಿ ಓದಿ, ಯಾಕೋ ಇದು ಜಾಸ್ತಿಯಾಯಿತು ಎಂದಳು. ಶಿಸ್ತು ಅಂದರೆ ಹೀಗೇ ಇರಬೇಕು ಎಂದ ಶಾಂತರಾಜು.

ಮನೆಯಲ್ಲಿ ಪ್ರಯೋಗ ಮಾಡಿದಾಗ ಎಲ್ಲ ಸರಿಯಾಗಿತ್ತು. ಹೆಂಡತಿ, ಮಗಳು, ತಾನು, ಮೂವರ ಹೆಸರು ಫೈಲಿಗೆ ಹಾಕಿ ಮನೆಗೆಲಸ ಹಂಚಿದ. ಉಳಿದ ಇಬ್ಬರೂ ಎಂಟರ್ ಒತ್ತದ ಕಾರಣ ಪಾತ್ರೆ, ಕಸ, ನೀರು ಮೂರೂ ಅವನೇ ಮಾಡಬೇಕಾಯಿತು. ಆದರೆ ಅದು ಪ್ರೋಗ್ರಾಮಿನ ದೋಷವಲ್ಲ.

ಸೋಮವಾರ ಮಧ್ಯಾಹ್ನ ಉದ್ಘಾಟನೆಯೆಂದು ನಿಶ್ಚಯವಾಯಿತು. ಜಿಲ್ಲಾ ಕೇಂದ್ರದ ಮಾರುಕಟ್ಟೆ ಇಲಾಖೆಯಿಂದ ಗುರುಪಾದಸ್ವಾಮಿ ಎಂಬ ಸಾಹೇಬರು ನೋಡಲು ಬರುವವರಿದ್ದರು. ಅಂದು ಸಂಜೆಯೇ ಮೀಟಿಂಗು. ಚಿಕ್ಕಮಲ್ಲಪ್ಪನವರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಯಂತ್ರ ನಡೆದರೆ ಶಾಂತರಾಜು ಕಾಯಂ, ನಡೆಯದಿದ್ದರೆ ಮಂಗಳವಾರದಿಂದ ಆ ಕುರ್ಚಿ ಚಂದ್ರಕುಮಾರನದು. ಚಂದ್ರಕುಮಾರ್ ಅಂದು ಕುರ್ಚಿಯ ಮೇಲೆ ಹಾಕಿಕೊಳ್ಳಲು ಹೊಸ ಟವಲನ್ನೂ ತಂದಿದ್ದ.

ಶಾಂತರಾಜು ತಲೆಗೆ ಸ್ನಾನ ಮಾಡಿ ಬಂದ. ಲ್ಯಾಪ್‌ಟಾಪಿಗೆ ಸೇವಂತಿಗೆ ಹಾರ ಹಾಕಿ, ಕುಂಕುಮವಿಟ್ಟು, ಊದಿನಕಡ್ಡಿ ಹಚ್ಚಿದ. ಫೈಲು ತೆರೆದು ಅಂದು ಬಂದ ಎಂಟು ಗುಂಪುಗಳ ಹೆಸರನ್ನು ಕ್ರಮವಾಗಿ ತುಂಬಿದ. ನೋಡಿದರೆ ಏನೋ ಬೋಳುಬೋಳಾಗಿ ಕಂಡಿತು. ಆ ಸೀಮೆಯಲ್ಲಿ ಮದುವೆ ಪತ್ರಿಕೆಯಿರಲಿ, ಈರುಳ್ಳಿ ತೂಕದ ಚೀಟಿಯಿರಲಿ, ನೆತ್ತಿಯ ಮೇಲೆ ಮಾದಪ್ಪನ ಹೆಸರಿಲ್ಲದೆ ಯಾರೂ ಒಂದು ಗೆರೆ ಎಳೆಯುವುದಿಲ್ಲ. ಇಂಥ ಶುಭದಿನ, ಅದೂ ಸೋಮವಾರ, ತಾನು ಮರೆತೆನಲ್ಲ ಎಂದು ಕೆನ್ನೆ ಬಡಿದುಕೊಂಡ. ಫೈಲಿನ ತುತ್ತತುದಿಗೆ ಹೋಗಿ, ಭಕ್ತಿಯಿಂದ, ಒಂದು ಸಾಲು ಸೇರಿಸಿದ: ಶ್ರೀ ಮಲೆ ಮಹದೇಶ್ವರ ಪ್ರಸನ್ನ.

ಓದುವ ಮನುಷ್ಯನಿಗೆ ದೇವರ ಹೆಸರು ಎಲ್ಲಿ ಮುಗಿದು ಕೆಲಸ ಎಲ್ಲಿ ಶುರುವಾಯಿತೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕಂಪ್ಯೂಟರು ಬೆಟ್ಟಕ್ಕೆ ಹೋದದ್ದಲ್ಲ, ಮುಡಿ ಕೊಟ್ಟದ್ದಲ್ಲ. ಅದಕ್ಕೆ ಮೊದಲ ಸಾಲೆಂದರೆ ಮೊದಲ ಹಮಾಲಿ.

ಅಧ್ಯಕ್ಷರು ಕಾಯಿ ಒಡೆದರು. ಶಾಂತರಾಜು ಗುಂಡಿ ಒತ್ತಿದ. ಮಂಡಿಯ ಮೂಲೆಮೂಲೆಗೂ ಕೇಳುವಂತೆ ಮೈಕು ಹೇಳಿತು: "ಒಂದನೇ ಲಾರಿ. ಬೂದುಗುಂಬಳ. ಶ್ರೀ ಮಲೆ ಮಹದೇಶ್ವರ ಪ್ರಸನ್ನ ಅವರು ದಯವಿಟ್ಟು ಬರಬೇಕು."

ಮಂಡಿಗೆ ಮಂಡಿಯೇ ಕೈಮುಗಿಯಿತು. ಹಮಾಲರು ತಲೆಯ ಟವಲು ತೆಗೆದರು. ಸೊಪ್ಪು ಮಾರುವ ಮುದುಕಿಯೊಬ್ಬಳು ಉಘೇ ಮಾದಪ್ಪ ಎಂದಳು, ಎಲ್ಲರೂ ದನಿಗೂಡಿಸಿದರು. ಯಂತ್ರಕ್ಕೂ ದೇವರ ಮೇಲೆ ಇಷ್ಟು ಭಕ್ತಿ ಕಲಿಸಿದ್ದಾನಲ್ಲ ಎಂದು ಚಿಕ್ಕಮಲ್ಲಪ್ಪನವರಿಗೆ ಕಣ್ಣು ಒದ್ದೆಯಾಯಿತು. ಶಾಂತರಾಜು ಒಬ್ಬನೇ ಪರದೆಯನ್ನು ನೋಡಿ ಬೆವತುಹೋದ. ಮೂಗಯ್ಯನ ಗುಂಪಿನ ಹೆಸರು ಎರಡನೆಯ ಜಾಗಕ್ಕೆ ಇಳಿದಿತ್ತು. ಮೊದಲ ಜಾಗದಲ್ಲಿ ಸಾಕ್ಷಾತ್ ಮಾದಪ್ಪಸ್ವಾಮಿ.

ಸ್ವಲ್ಪ ಹೊತ್ತು ಬಿಟ್ಟು ಎರಡನೆಯ ಕರೆ ಬಂತು: "ಶ್ರೀ ಮಲೆ ಮಹದೇಶ್ವರ ಪ್ರಸನ್ನ ಅವರೇ, ಲಾರಿ ಕಾಯುತ್ತಿದೆ. ಸ್ವಲ್ಪ ಜವಾಬ್ದಾರಿ ಇರಲಿ."

ಮುಗಿದ ಕೈಗಳು ಹಾಗೇ ನಿಂತವು. ಜವಾಬ್ದಾರಿಯ ಮಾತು ಪ್ರಾರ್ಥನೆಯಲ್ಲಿ ಯಾರೂ ಕೇಳಿರಲಿಲ್ಲ. ಶಾಂತರಾಜು ಮೈಕಿನ ತಂತಿ ಹುಡುಕಿದ. ಅದು ತಂತಿಯಿಲ್ಲದ ಬ್ಯಾಟರಿಯ ಮೈಕು, ಹಮಾಲರು ಎಲ್ಲಿ ಮಲಗಿದ್ದರೂ ಕೇಳಲೆಂದು ಅವನೇ ಮರದ ಮೇಲೆ ಕಟ್ಟಿಸಿದ್ದ. ಲ್ಯಾಪ್‌ಟಾಪ್ ಮುಚ್ಚಬಹುದೆಂಬುದು ಅವನಿಗೆ ಹೊಳೆಯುವಷ್ಟರಲ್ಲಿ ಮೂರನೆಯ ಕರೆಯೂ ಬಂದುಬಿಟ್ಟಿತು: "ಶ್ರೀ ಮಲೆ ಮಹದೇಶ್ವರ ಪ್ರಸನ್ನ. ಕುಡಿದು ಮಲಗಿದ್ದರೆ ಎದ್ದು ಬಾ. ಇಲ್ಲದಿದ್ದರೆ ಸಂಘದಿಂದ ಹೆಸರು ತೆಗೆಯಲಾಗುವುದು."

ಮಂಡಿಯಲ್ಲಿ ತಕ್ಕಡಿಗಳು ನಿಂತವು. ಸೊಪ್ಪಿನ ಮುದುಕಿ ನೆಲಕ್ಕೆ ಹಣೆ ಹಚ್ಚಿ ತಪ್ಪಾಯಿತು ತಪ್ಪಾಯಿತು ಎಂದು ಗಲ್ಲ ಬಡಿದುಕೊಂಡಳು. ಆಮೇಲೆ ಎಲ್ಲರೂ ಒಟ್ಟಿಗೆ ಸಂಘದ ಕಚೇರಿಯ ಕಡೆ ಹೊರಟರು. ಚಂದ್ರಕುಮಾರ್ ಸಂದರ್ಭ ನೋಡಿ ಕುರ್ಚಿಗೆ ಟವಲು ಹಾಸಿದ.

ಶಾಂತರಾಜು ಬಾಗಿಲಿಗೆ ಬಂದವರಿಗೆಲ್ಲ ಸಮಾಧಾನ ಹೇಳಿದ. ಚಿಕ್ಕ ತಪ್ಪು, ಮೇಲಿನ ಸಾಲು ಅಳಿಸಿಬಿಟ್ಟರೆ ಮುಗಿಯಿತು, ಒಂದೇ ನಿಮಿಷ. ಅವನ ಬೆರಳು ಅಳಿಸುವ ಗುಂಡಿಯ ಮೇಲೆ ಇತ್ತು. ಮೂಗಯ್ಯ ಆ ಬೆರಳನ್ನು ಹಿಡಿದುಕೊಂಡ.

"ಅಲ್ಲ ಕಣ್ಲಾ, ಬಯ್ದಿದ್ದು ಸಾಲ್ದು ಅಂತ ಮಾದಪ್ಪನ ಹೆಸ್ರನೇ ಅಳಿಸಕ್ಕೆ ಓಯ್ತಿದ್ದಯಲ್ಲ, ನೀನು ಮಕ್ಳೊಂದಿಗ ಅಲ್ವೇನ್ಲಾ?"

ಶಾಂತರಾಜು ಬೆರಳು ಬಿಡಿಸಿಕೊಂಡ. ಹಾಗಾದರೆ ಸ್ವಾಮಿಯ ಪರವಾಗಿ ತಾನೇ ಎಂಟರ್ ಒತ್ತುತ್ತೇನೆ ಎಂದ. ಇನ್ನೊಬ್ಬ ಮೇಸ್ತ್ರಿ ರಾಜಣ್ಣ ಕರ್ಪೂರದ ಆಣೆಯನ್ನು ನೆನಪಿಸಿದ. ಒಬ್ಬರ ಪಾಳಿಗೆ ಇನ್ನೊಬ್ಬರು ಒತ್ತುವ ಹಾಗಿಲ್ಲ. ಅದೂ ಸ್ವಾಮಿಯ ಮುಂದೆ ಮಾಡಿದ ಆಣೆಯನ್ನು ಸ್ವಾಮಿಯ ಪಾಳಿಯಲ್ಲೇ ಮುರಿಯುವುದು ಅಂದರೆ ಏನು ಉಳಿಯಿತು? ಅಳಿಸುವಂತಿಲ್ಲ, ಒತ್ತುವಂತಿಲ್ಲ. ಒತ್ತದೆ ಹಿಂದಿನ ಎಂಟು ಗುಂಪಿಗೂ ಲಾರಿಯಿಲ್ಲ. ತಾನೇ ಕಟ್ಟಿದ ಬೇಲಿ ಎಷ್ಟು ಗಟ್ಟಿಯೆಂದು ಶಾಂತರಾಜುವಿಗೆ ಈಗ ಗೊತ್ತಾಯಿತು. ಆ ಹೊತ್ತಿನಲ್ಲೂ ಅವನಿಗೆ ಒಳಗೊಳಗೇ ಒಂದು ಸಣ್ಣ ಹೆಮ್ಮೆಯಾದದ್ದು ಸುಳ್ಳಲ್ಲ.

ಬೂದುಗುಂಬಳದ ಲಾರಿಯ ಡ್ರೈವರ್ ಶಾಜಿ ಕೋಯಿಕ್ಕೋಡಿನವನು. ಅವನು ವಾಚು ತೋರಿಸಿ, ರಾತ್ರಿಯಾದರೆ ಕೇರಳದ ದಾರಿಯಲ್ಲಿರುವ ಮದ್ದೂರಿನ ಕಾಡು ಗೇಟು ಹಾಕಿಬಿಡುತ್ತಾರೆ, ಆಮೇಲೆ ಸ್ವಾಮಿ ಬಂದರೂ ಬಿಡುವುದಿಲ್ಲ ಎಂದು ಅರ್ಧ ಮಲಯಾಳದಲ್ಲಿ ಗೋಳಾಡಿದ. ಅಷ್ಟರಲ್ಲಿ ಜೀಪು ಬಂತು. ಗುರುಪಾದಸ್ವಾಮಿ ಸಾಹೇಬರು ಇಳಿದರು.

ಸಾಹೇಬರು ತುಂಬ ಕಟ್ಟುನಿಟ್ಟಿನವರೆಂದು ಹೆಸರಾಗಿದ್ದವರು. ಯಂತ್ರ ಯಾಕೆ ನಿಂತಿದೆ ಎಂದು ಕೇಳಿದರು. ಚಿಕ್ಕಮಲ್ಲಪ್ಪನವರು ಮುಂದೆ ಬಂದರು. ಮೊದಲ ಪಾಳಿಯವರು ಬಂದಿಲ್ಲ ಎಂದಷ್ಟೇ ಹೇಳಿದರು.

"ಬರದಿದ್ರೆ ಹೆಸರು ತೆಗೀರಿ. ಇದಕ್ಕೆ ನನ್ನ ಕೇಳ್ಬೇಕಾ?"

"ತೆಗೆಯಕ್ಕಾಗಲ್ಲ ಬುದ್ಧಿ."

"ಯಾಕೆ, ಯಾರ ಕಡೆಯವನು ಅವನು?"

"ಎಲ್ರ ಕಡೆಯವ್ರೂ ಅಂದ್ಕಬೇಕು."

ಇಂಥವರನ್ನು ತಾವು ಬಹಳ ಕಂಡಿರುವುದಾಗಿ ಸಾಹೇಬರು ನಕ್ಕರು. ಎಷ್ಟು ವರ್ಷದಿಂದ ಇದ್ದಾನೆಂದು ಕೇಳಿದರು. ತಮ್ಮ ತಾತನ ಕಾಲದಿಂದಲೂ ಇದ್ದಾರೆ ಎಂದರು ಅಧ್ಯಕ್ಷರು. ವಯಸ್ಸು ಮೀರಿದವನನ್ನು ಕೆಲಸದಲ್ಲಿ ಇಟ್ಟುಕೊಂಡದ್ದು ಎರಡನೆಯ ತಪ್ಪು ಎಂದು ಸಾಹೇಬರು ಬರೆದುಕೊಂಡರು. ಮನೆ ಎಲ್ಲಿ ಎಂದರೆ ಬೆಟ್ಟದ ಮೇಲೆ ಎಂದು ಉತ್ತರ ಬಂತು. ಇವತ್ತೇ ಕರೆಸಿ ಎಂದರೆ, ಅವರು ಕರೆದರೆ ಬರುವವರಲ್ಲ, ನಾವೇ ನಡೆದುಕೊಂಡು ಹೋಗಬೇಕು ಎಂದರು. ಸಾಹೇಬರ ಮೂಗು ಕೆಂಪಾಯಿತು. ಆ ಮನುಷ್ಯನಿಗೆ ಅಷ್ಟು ಪೊಗರೇ, ತಾವೇ ಅವನಿಗೆ ನೋಟಿಸು ಕೊಡುತ್ತೇವೆ, ಪೂರ್ತಿ ಹೆಸರು ಹೇಳಿ ಎಂದು ಪೆನ್ನು ಬಿಚ್ಚಿದರು. ಹೇಳುವ ಧೈರ್ಯ ಅಧ್ಯಕ್ಷರಿಗೆ ಇರಲಿಲ್ಲ. ಶಾಂತರಾಜು ಮೆಲ್ಲಗೆ ಲ್ಯಾಪ್‌ಟಾಪನ್ನು ಸಾಹೇಬರ ಕಡೆ ತಿರುಗಿಸಿದ.

ಓದಿದ ಸಾಹೇಬರು ಪೆನ್ನು ಮುಚ್ಚಿದರು. ಬೂಟು ಬಿಚ್ಚಿದರು. ಬರೆದುಕೊಂಡಿದ್ದ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡು, ಬರಿಗಾಲಲ್ಲಿ ಗೋಡೆಯ ಕಡೆ ತಿರುಗಿ ಬಹಳ ಹೊತ್ತು ನಿಂತರು. ಅವರ ಮಗಳಿಗೆ ಗಂಡು ಗೊತ್ತಾಗಲೆಂದು ಬೆಟ್ಟಕ್ಕೆ ಹರಕೆ ಹೊತ್ತಿದ್ದರಂತೆ. ಅದನ್ನು ಜೀಪಿನ ಡ್ರೈವರ್ ಆಮೇಲೆ ಹೇಳಿದ.

ಈಗ ಮಂಡಿಯಲ್ಲಿ ಸಾಹೇಬರಿಗೂ ತೋಚದ ಸಮಸ್ಯೆಯೊಂದು ನಿಂತಿತ್ತು. ಶಾಂತರಾಜು ಕಿಟಕಿಯ ಬಳಿ ಕುಳಿತು, ನಾಳೆಯಿಂದ ಏನು ಮಾಡುವುದೆಂದು ಯೋಚಿಸತೊಡಗಿದ. ಅವನಿಗೆ ನಿಜವಾಗಿ ದುಃಖವಾಗಿತ್ತು. ಕೆಲಸ ಹೋಗುವುದಿರಲಿ, ಗಿರಣಿಯಲ್ಲಿ ನಾಗಮಣಿ ತಲೆ ಎತ್ತುವುದು ಹೇಗೆ? ನಾಗಮಣಿ ಆಗ ಅಲ್ಲಿಯೇ ಇದ್ದಳು. ಗಂಡನ ಉದ್ಘಾಟನೆ ನೋಡಲು ಬೀದಿಯ ಹೆಂಗಸರನ್ನೆಲ್ಲ ಕರೆದುಕೊಂಡು ಬಂದಿದ್ದಳು. ಮೈಕಿನ ಮಾತು ಅವರೆಲ್ಲರಿಗೂ ಕೇಳಿತ್ತು. ಆ ನಾಚಿಕೆಗೋ ಸಿಟ್ಟಿಗೋ ಅವಳು ಸೀದಾ ಮೇಸ್ತ್ರಿಗಳ ನಡುವೆ ಬಂದು ನಿಂತಳು.

"ಏನಣ್ಣ ಮೂಗಣ್ಣ, ಬೆಟ್ಟದಲ್ಲಿ ದಾಸೋಹದ ಸೌದೆ ಮಾದಪ್ಪನೇ ಹೊರ್ತಾನಾ? ಹರಕೆ ಹೊತ್ತೋರು ಹೊರ್ತಾರೆ. ಸ್ವಾಮಿ ಪಾಳಿ ಅಂದ್ಮೇಲೆ ಅದು ಸೇವೆ ಕಣಣ್ಣ. ಸೇವೆಗೆ ನಿಂಗೂ ಸೊಂಟನೋವಾ?"

 ಮೂಗಯ್ಯ ಟವಲನ್ನು ಸೊಂಟಕ್ಕೆ ಬಿಗಿದು, ಸ್ವಾಮಿಯ ಲಾರಿ ತನ್ನ ಗುಂಪಿನದು ಎಂದುಬಿಟ್ಟ. ರಾಜಣ್ಣ ಅದು ಹೇಗಾಗುತ್ತದೆ ಎಂದ. ಕಳೆದ ವರ್ಷ ಬರಿಗಾಲಲ್ಲಿ ಬೆಟ್ಟ ಹತ್ತಿದವನು ತಾನು, ಸೇವೆ ತನ್ನದು. ಮಾದಣ್ಣ ಮೇಸ್ತ್ರಿ, ತನ್ನ ಹೆಸರೇ ಸ್ವಾಮಿಯದು ಎಂದು ಮುಂದೆ ಬಂದ. ಹುಟ್ಟಿದಾಗಿನಿಂದ ಯಾರೂ ಮನಸ್ಸಾರೆ ಮುಟ್ಟದ ಬೂದುಗುಂಬಳದ ಲಾರಿಗಾಗಿ ಎಂಟು ಗುಂಪುಗಳು ಜಗಳಕ್ಕೆ ನಿಂತವು. ಶಾಜಿ ತನ್ನ ಲಾರಿಯ ಕಡೆಗೇ ಅನುಮಾನದಿಂದ ನೋಡಿದ. ಕೊನೆಗೆ ಸಾಹೇಬರು ಬರಿಗಾಲಲ್ಲೇ ಬಂದು, ಎಲ್ಲರೂ ಸೇರಿ ಮಾಡಿ, ಎಲ್ಲರೂ ಸೇರಿ ಎಂಟರ್ ಒತ್ತಿ, ಆಣೆಯೂ ಮುರಿಯುವುದಿಲ್ಲ ಎಂದು ತೀರ್ಪು ಕೊಟ್ಟರು.

ಎಂಟು ಮೇಸ್ತ್ರಿಗಳು ಕಚೇರಿಯೊಳಗೆ ನುಗ್ಗಿದರು. ಒಬ್ಬರ ಕೈಯ ಮೇಲೆ ಒಬ್ಬರು ಕೈ ಇಟ್ಟು, ಉಘೇ ಮಾದಪ್ಪ ಎಂದು ಆ ಪುಟ್ಟ ಗುಂಡಿಯನ್ನು ಅದುಮಿದರು. ಯಾರೂ ಮೊದಲು ಕೈ ತೆಗೆಯಲು ಸಿದ್ಧರಿರಲಿಲ್ಲ. ಗುಂಡಿಯನ್ನು ಹಿಡಿದೇ ಇದ್ದರೆ ಯಂತ್ರ ಮತ್ತೆ ಮತ್ತೆ ಒತ್ತಿದಂತೆ ಲೆಕ್ಕ ಹಿಡಿಯುತ್ತದೆ. ಮೈಕಿನ ಹೆಣ್ಣುದನಿ ಉಸಿರು ಬಿಡದೆ ಕೂಗಿತು: ಸ್ವಾಮಿ ಒಪ್ಪಿದ್ದಾರೆ, ಮೂಗಯ್ಯ ಒಪ್ಪಿದ್ದಾರೆ, ರಾಜಣ್ಣ ಒಪ್ಪಿದ್ದಾರೆ, ಮಾದಣ್ಣ ಒಪ್ಪಿದ್ದಾರೆ. ಕೈ ತೆಗೆಯುವ ಹೊತ್ತಿಗೆ ಮಂಡಿಯ ಒಂಬತ್ತು ಲಾರಿಗಳೂ ಹಂಚಿಹೋಗಿದ್ದವು. ಈರುಳ್ಳಿ ಯಾರಿಗೆ, ಎಲೆಕೋಸು ಯಾರಿಗೆ ಎಂದು ನೋಡಿ ಸೊಂಟ ಹಿಡಿದುಕೊಳ್ಳಲು ಯಾರಿಗೂ ಸಮಯ ಸಿಗಲಿಲ್ಲ.

ಆಮೇಲೆ ನಡೆದದ್ದನ್ನು ಮಂಡಿಯವರು ಈಗಲೂ ಹೇಳುತ್ತಾರೆ. ಎಂಟು ಗುಂಪಿನ ಜನ ಸಾಲಾಗಿ ನಿಂತು, ಕೈಯಿಂದ ಕೈಗೆ ಬೂದುಗುಂಬಳ ದಾಟಿಸಿದರು. ಸಾಹೇಬರು ಪ್ಯಾಂಟು ಮಡಿಸಿ ನಡುವೆ ನಿಂತರು, ಅಧ್ಯಕ್ಷರು ಅವರ ಪಕ್ಕ ನಿಂತರು. ಚಂದ್ರಕುಮಾರನ ಇಸ್ತ್ರಿ ಅಂಗಿ ಬೂದಿಯಾಯಿತು. ಸೊಪ್ಪಿನ ಮುದುಕಿಯೂ ಒಂದು ಕಾಯಿ ಎತ್ತಿಕೊಟ್ಟಳು. ಒಂದೂ ಒಡೆಯಲಿಲ್ಲ. ಶಾಂತರಾಜು ಲಾರಿಯ ಮೇಲೆ ನಿಂತು ಕಾಯಿ ಹಿಡಿಯುತ್ತಾ, ಕೆಳಗಿನ ಆ ಉದ್ದನೆಯ ಸಾಲನ್ನು ನೋಡಿ, ಚಾಮರಾಜನಗರದ ಮೇಡಂ ಇದನ್ನು ನೋಡಬೇಕಿತ್ತು ಎಂದುಕೊಂಡ. ಸಂತೋಷಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಬೂದಿ ಬಿತ್ತು ಎಂದು ಹೇಳಿದ.

ಬೆಳಕಿರುವಾಗಲೇ ಎಲ್ಲ ಲಾರಿಗಳೂ ಹೊರಟವು. ಮೀಟಿಂಗು ಕೂತಾಗ ಶಾಜಿ ಮದ್ದೂರು ಗೇಟು ದಾಟಿದೆನೆಂದು ಫೋನು ಮಾಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ ಶಾಂತರಾಜುವಿಗೆ ತಡೆಯಲಾಗಲಿಲ್ಲ. ಅವನು ಎದ್ದು ನಿಂತು, ಇವತ್ತು ಆದದ್ದು ತನ್ನ ಕೈತಪ್ಪು, ದೇವರ ಹೆಸರನ್ನು ಯಂತ್ರ ಗುಂಪೆಂದು ತಿಳಿದುಬಿಟ್ಟಿತು, ಈಗಷ್ಟೇ ಒಂದು ಸಾಲು ಬರೆದು ಸರಿ ಮಾಡಿದ್ದೇನೆ, ನಾಳೆಯಿಂದ ಯಂತ್ರ ಮೊದಲ ಸಾಲನ್ನು ಓದುವುದೇ ಇಲ್ಲ ಎಂದು ಉತ್ಸಾಹದಿಂದ ವಿವರಿಸಿದ.

 ಮೂಗಯ್ಯ ಎದ್ದು ನಿಂತು ಕೇಳಿದ: "ಓದದಿದ್ರೆ ನಾಳೆ ಬೂದುಗುಂಬ್ಳ ಯಾರಿಗ್ಲಾ ಬತ್ತದೆ?"

ಶಾಂತರಾಜು ಫೈಲು ನೋಡಿ, ಇವತ್ತಿನ ಹಾಗೆ ನೀವೇ ಮೊದಲು ಬಂದರೆ ನಿಮಗೇ ಎಂದ.

ಚಿಕ್ಕಮಲ್ಲಪ್ಪನವರು ಸಾಹೇಬರ ಮುಖ ನೋಡಿದರು, ಸಾಹೇಬರು ತಲೆಯಾಡಿಸಿದರು. ಅಲ್ಲಿಯೇ ಠರಾವು ಬರೆಸಿದರು. ಗುಮಾಸ್ತ ಶಾಂತರಾಜುವನ್ನು ಇಂದಿನಿಂದ ಕಾಯಂ ಮಾಡಲಾಗಿದೆ. ದಿನಾ ಎಲ್ಲಕ್ಕಿಂತ ಕಷ್ಟದ ಲಾರಿಯನ್ನು ಮೊದಲು, ಸ್ವಾಮಿಯ ಪಾಳಿಗೆ, ನಿಲ್ಲಿಸತಕ್ಕದ್ದು. ಮೂರನೆಯ ಕರೆಯ ಮಾತನ್ನು ತೆಗೆಯತಕ್ಕದ್ದು. ಅದು ಬಿಟ್ಟರೆ, ಸದರಿ ಗುಮಾಸ್ತ ತನ್ನ ಪ್ರೋಗ್ರಾಮಿನಲ್ಲಿರುವ ತಪ್ಪನ್ನು ಸೇವೆಯಲ್ಲಿರುವವರೆಗೂ ಯಾವ ಕಾರಣಕ್ಕೂ ತಿದ್ದತಕ್ಕದ್ದಲ್ಲ.

ಎಲ್ಲರೂ ನೋಡುತ್ತಿದ್ದಂತೆ ಶಾಂತರಾಜು ಲ್ಯಾಪ್‌ಟಾಪ್ ತೆರೆದು, ಆಗಷ್ಟೇ ಬರೆದ ಸಾಲನ್ನು ಹುಡುಕಿದ. ಇಡೀ ಪ್ರೋಗ್ರಾಮಿನಲ್ಲಿ ನೂರಕ್ಕೆ ನೂರು ಸರಿಯೆಂದು ಅವನಿಗೆ ಗ್ಯಾರಂಟಿಯಿದ್ದ ಸಾಲು ಅದೊಂದೇ. ಅದನ್ನು ಅಳಿಸಿ ಅವನು ಕಾಯಂ ಆದ.